ಚಿಂತೆಗೂ ಇಸ್ತ್ರಿ

ಮೆಟ್ಟಿಲ ಕೆಳಗಿನ ಸಂದಿಯಿಂದ ‘ಚುಂಯ್’ ಎಂದು ಸದ್ದು ಬಂತೆಂದರೆ, ಇಸ್ತ್ರಿ ಅಕ್ಕ ಬೇರೆಯವರ ಚಿಂತೆ ಹಚ್ಚಿಕೊಳ್ಳಲು ಶುರುಮಾಡಿದ್ದಾರೆಂದು ಇಡೀ ಬೀದಿಗೆ ತಿಳಿಯುತ್ತದೆ. ಬಟ್ಟೆಯ ಜೊತೆ ಒಂದು ಚಿಂತೆಯನ್ನೂ ಒಪ್ಪಿಸಿ ಹೋಗುವುದು ಅಲ್ಲಿಯ ವಾಡಿಕೆ. ಸಂಜೆಯವರೆಗೆ ಬಟ್ಟೆ ಉಜ್ಜುತ್ತಾ ಆ ಚಿಂತೆಯನ್ನು ಅಕ್ಕನೇ ಪಡುತ್ತಾರೆ. ಕೊಟ್ಟವರು ಹಾಯಾಗಿರಬೇಕು, ನಡುವೆ ಕದ್ದು ಚಿಂತಿಸಿದರೆ ಬೈಗುಳ ಖಾಯಂ. ಬಾಡಿಗೆ ಏರಿದ ಚಿಂತೆ ತೀರಲು ಒಂದು ಕರವಸ್ತ್ರ ಉಜ್ಜಿದರೆ ಸಾಕು, ಮಗಳ ಮದುವೆಯದಾದರೆ ಮಂಚದ ಹಾಸೇ ಬೇಕು. ಒಮ್ಮೆ, ಮಗನ ಪರೀಕ್ಷೆಯ ಚಿಂತೆ ಒಪ್ಪಿಸಿಹೋಗಿದ್ದ ಗುಮಾಸ್ತರೊಬ್ಬರು ಓಡಿಬಂದು, “ಅಕ್ಕಾ, ಸಾಕು ನಿಲ್ಸಿ, ಮಗ ಪಾಸಾದ!” ಎಂದರೆ, “ಅರ್ಧಕ್ಕೆ ಬಿಡೋಕಾಗತ್ತೇನಣ್ಣ? ಇನ್ನೂ ಒಂದು ತೋಳು ಬಾಕಿ ಇದೆ,” ಎಂದು ಹುಬ್ಬು ಗಂಟಿಕ್ಕಿಕೊಂಡೇ ಮುಗಿಸಿದರು. ಎಲ್ಲರ ಬಟ್ಟೆ ಆದ ಮೇಲೆ ಅಕ್ಕ ದಿನವೂ ಒಂದು ನೀಲಿ ಅಂಗಿ ತೆಗೆಯುತ್ತಾರೆ. ಅದು ಗಂಡನ ಕಾರ್ಖಾನೆಯ ಸಮವಸ್ತ್ರ. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಅದನ್ನು ಯಾರೂ ತೊಟ್ಟಿಲ್ಲ, ಗಂಡ ಮನೆಯ ಹೊಸ್ತಿಲು ದಾಟಿ ಹೊರಗೆ ಬಂದಿಲ್ಲ. ಸುಕ್ಕೇ ಇಲ್ಲದ ಆ ಅಂಗಿಯನ್ನು ಉಜ್ಜುತ್ತಲೇ ಇರುತ್ತಾರೆ. ನಿನ್ನೆ ಎದುರುಮನೆ ಟೀಚರ್ ನೋಡಿ, “ಇದು ಯಾರ ಚಿಂತೆ ಅಕ್ಕಾ?” ಎಂದರು. “ನಂದೇ ಟೀಚರೇ. ಬೇರೆಯವರದು ಬೇಗ ಮುಗಿಯತ್ತೆ, ಇದೊಂದು ಮುಗಿಯಲ್ಲ.” ಟೀಚರ್ ಇಸ್ತ್ರಿಪೆಟ್ಟಿಗೆ ಕಸಿದುಕೊಂಡರು: “ಇವತ್ತು ಇದು ನಂಗಿರಲಿ. ನೀವು ಹೋಗಿ, ಮನೇಲಿ ಕೂತಿರೋ ಅಣ್ಣನ್ನ ಒಂದು ಸುತ್ತು ನಡೆಸ್ಕೊಂಡು ಬನ್ನಿ.” ಖಾಲಿಯಾದ ಕೈಗಳನ್ನು ಅಕ್ಕ ಸೆರಗಿಗೆ ಒರೆಸಿಕೊಂಡರು. ಆಮೇಲೆ, “ಕಾಲರ್ ಹತ್ರ ಜಾಸ್ತಿ ಯೋಚ್ನೆ ಮಾಡ್ಬೇಡಿ, ಸುಟ್ಟೋಗತ್ತೆ, ಜೇಬಿನ ಹತ್ರ ಮಾತ್ರ ಸ್ವಲ್ಪ...” ಎನ್ನುತ್ತಾ, ಮಾತು ಮುಗಿಸದೆಯೇ ಮನೆಯ ಕಡೆ ನಡೆದುಬಿಟ್ಟರು.