ಅತ್ತಿ ಬದುಕಿದ್ದಾಗ ಕಟ್ಟಿದ ಸಾವಿನ ಪದ

ನಮ್ಮ ಅತ್ತಿ ಸತ್ತಾಗ ನಾ ಹಾಡ್ಲಿಲ್ಲ. ದುಃಖಕ್ಕ ಗಂಟಲು ಕಟ್ಟಿತ್ತು ಪಾಪ ಅಂತ ಇಳಕಲ್ಲಿನ ನಮ್ಮ ಓಣಿ ಮಂದಿ ಇವತ್ತಿಗೂ ಅಂತಾರ. ಗಂಟಲಿಗೆ ಏನೂ ಆಗಿರ್ಲಿಲ್ಲ. ಪದ ತಯಾರಿತ್ತು, ನಾಲ್ಕು ನುಡಿ. ಬೇಕಂತನ ಹಾಡ್ಲಿಲ್ಲ.

ನಾ ಸಾಲಿ ಕಲಿತದ್ದು ಮೂರನೇ ಇಯತ್ತೆತನಕ. ಅಕ್ಷರಕ್ಕಿಂತ ಮೊದಲ ಪದ ಕಟ್ಟೂದು ಬಂತು. ಗುಳೇದಗುಡ್ಡದಾಗ ನಮ್ಮಪ್ಪ ಕುಪ್ಪಸದ ಖಣ ನೇಯುವಾಗ ನಾ ಬಾಜೂಕ ಕೂತು ನೂಲು ಸುತ್ತತಿದ್ದೆ. ಮಗ್ಗದ ಸಪ್ಪಳಕ್ಕ ಹೊಂದಿಸಿ ಗೆಳತ್ಯಾರನ್ನ ಕಾಡೂ ಪದ ಕಟ್ಟತಿದ್ದೆ. ದೊಡ್ಡಾಕಿ ಆದ ಮ್ಯಾಲೆ ಮದವಿ ಮನ್ಯಾಗ ಬೀಗರನ್ನ ಬೈಯೂ ಪದ. ಒಬ್ಬಾಕಿ ಬೀಗಿತ್ತಿಯ ಹಲ್ಲಿನ ಮ್ಯಾಲೆ ಎಂಟು ನುಡಿ ಹಾಡಿದೆ, ಆಕಿ ಉಣ್ಣದ ಎದ್ದು ಹೋದ್ಲು. ನನಗ ಭಾಳ ಖುಷಿ ಆತು. ಲಗ್ನಾಗಿ ಇಳಕಲ್ಲಿಗೆ ಬಂದ ವರ್ಷದಾಗ ತೊಟ್ಟಿಲ ಪದ. ತಲಿ ಹಣ್ಣಾದ ಮ್ಯಾಲೆ ಸತ್ತವರ ಮನಿ ಪದ. ಮಂದಿ ಇದನ್ನ ದೊಡ್ಡ ವಿದ್ಯಾ ಅಂತಾರ. ಏನೂ ಅಲ್ಲ. ಆಯಾ ವಯಸ್ಸಿಗೆ ಮೈಯಾಗ ಏನಿರತೈತೋ ಅದು ಬಾಯಾಗ ಬರತೈತಿ. ಬೀಗಿತ್ತಿ ಮ್ಯಾಲೆ ಕಟ್ಟು ಅಂದ್ರ ಈಗ ನನಗ ಒಂದು ಸಾಲೂ ಹುಟ್ಟೂದಿಲ್ಲ.

ತೊಟ್ಟಿಲ ಪದ ಕಟ್ಟಿದ್ದು ಒಂದ ಕೂಸಿಗೆ. ಮೊದಲನೇದು, ಹೆಣ್ಣು. ಏಳು ತಿಂಗಳಕ್ಕ ಜ್ವರ ಬಂದು ಸತ್ತಿತು. ನಮ್ಮ ಕಡೆ ಸತ್ತವರ ಮುಂದ ಹೆಣ್ಮಕ್ಕಳು ಹಾಡ್ಯಾಡಿ ಅಳತೀವಿ. ಅವರು ಮಾಡಿದ್ದು, ಉಂಡಿದ್ದು, ಆಡಿದ್ದು ಎಲ್ಲಾ ಪದದಾಗ ಬರಬೇಕು. ಕೂಸನ್ನ ತೊಡಿ ಮ್ಯಾಲೆ ಹಾಕ್ಕೊಂಡು ನಾ ಬಾಯಿ ತಗದೆ. ಅತ್ತಿ ಓಡಿ ಬಂದು ತನ್ನ ಸೆರಗು ನನ್ನ ಬಾಯಾಗ ತುರುಕಿದ್ಲು.

"ಹಲ್ಲು ಮೂಡದ ಕೂಸಿಗೆ ಯಾರೂ ಹಾಡೂದಿಲ್ಲ. ಅದು ಏನ್ ಮಾಡೇತಂತ ಹಾಡ್ತಿ? ಮುಚ್ಚು."

ಮೂರನೇ ದಿನ ಮಗ್ಗಕ್ಕ ಕೂಡಿಸಿದ್ಲು. ಎದಿ ಹಾಲು ಸೋರಿ ಕುಪ್ಪಸ ತೊಯ್ದಿತ್ತು. "ಸೀರಿಗೆ ಹಾಲಿನ ಕಲಿ ಬೀಳತಾವು, ಎದಿಗೆ ಅರಬಿ ಕಟ್ಟಿಕೊಂಡು ಕೂಡು" ಅಂದ್ಲು. ಮುಂದ ಎರಡು ಗಂಡು ಹುಟ್ಟಿದ್ವು. ಅವಕ್ಕ ಯಾವ ಪದಾನೂ ಬರ್ಲಿಲ್ಲ. ಸುಮ್ನ ತೂಗಿ ಮಲಗಿಸಿದೆ.

ಹಿಂಗ ವರ್ಷ ಹೋದ್ವು. ಹುನಗುಂದ, ಕುಳಗೇರಿ ಕ್ರಾಸ್, ಎಲ್ಲೆ ಹೆಣ ಬಿದ್ರೂ ಹಾಡಾಕ ನನಗ ಕರಿ ಬರತಿತ್ತು. ಅಷ್ಟ್ರಾಗ ಅತ್ತಿ ಬಚ್ಚಲದಾಗ ಜಾರಿ ಬಿದ್ದು ಟೊಂಕ ಮುರಕೊಂಡು ಹಾಸಿಗಿ ಹಿಡದ್ಲು. ಆಕಿ ಹೊರಸು ನನ್ನ ಮಗ್ಗದ ಬಾಜೂಕ. ಇನ್ನ ಭಾಳ ದಿನ ಇಲ್ಲ ಅಂತ ಡಾಕ್ಟರ್ ಅಂದಿದ್ದ. ಹೊತ್ತು ಬಂದಾಗ ತಡವರಿಸಬಾರದಂತ ನೇಯಕೋತ ಪದ ಹೊಂದಸಾಕತ್ತಿದ್ದೆ. ಮುದುಕಿಗೆ ಕಿವಿ ಮಂದ, ಮ್ಯಾಲೆ ಮಗ್ಗದ ಸಪ್ಪಳ. ಆದ್ರ ಒಂದಿನ ಎಳಿ ಹರೀತು. ಮಗ್ಗ ನಿಂತಿತು, ನನ್ನ ಬಾಯಿ ನಿಂದರಲಿಲ್ಲ.

"ಯಾರು ಸತ್ತಾರ?" ಅಂದ್ಲು ಅತ್ತಿ.

"ಇನ್ನೂ ಯಾರೂ ಇಲ್ರಿ."

"ಮತ್ತ ಅತ್ತಿ ಅತ್ತಿ ಅಂತ ಯಾಕ ಹಾಡಾಕತ್ತಿ?"

"ತಯಾರಿ ಮಾಡಿ ಇಡಾಕತ್ತೇನ್ರಿ."

ಬೈತಾಳಂತ ಮಾಡಿದ್ದೆ. ನಕ್ಕಳು. "ಮತ್ತೊಮ್ಮೆ ಹಾಡು. ಎರಡನೇ ನುಡಿ ಕೇಳಸಲಿಲ್ಲ."

ಅವತ್ತಿನಿಂದ ದಿನಾ ಅದ ಕೆಲಸ. ಚಾ ಕುಡದ ಕೂಡಲೇ "ನನ್ನ ಪದ ಹಾಡು." ಮಾಸ್ತರ ಆಗಿಬಿಟ್ಲು. ಇಲ್ಲೆ ಜಗ್ಗು, ಅಲ್ಲೆ ಬಿಡು.

"ನನ್ನ ಕೈ ಹೋಳಿಗಿ ಬಂದೇ ಇಲ್ಲಲ್ಲ?"

"ನಿಮ್ಮ ಹೋಳಿಗಿ ಹರೀತಿದ್ವಲ್ರಿ."

"ಪದದಾಗ ಹರಿಯೂದಿಲ್ಲ. ಹಾಕು."

ಹಾಕಿದೆ. ಸೊಸಿನ್ನ ಮಗಳಂಗ ನೋಡಿಕೊಂಡ್ಲು ಅನ್ನೂದನ್ನೂ ಆಕೀನ ಹೇಳಿ ಹಾಕಿಸಿದ್ಲು. ಭಾಳ ದಿನ ಇಲ್ಲ ಅನಿಸಿಕೊಂಡಾಕಿ ಎರಡು ವರ್ಷ ಬದುಕಿದ್ಲು. ಪದ ಕೇಳಾಕ ಬದುಕಿದ್ಲು ಅಂತ ಕಾಣತೈತಿ.

ಒಂದಿನ ನನ್ನ ಕೈ ಹಿಡದ್ಲು. "ನನ್ನ ಮಗಳಿಗೆ ರಾಗ ಬರೂದಿಲ್ಲ. ಈ ಮನ್ಯಾಗಿಂದ ಹಾಡಿಲ್ಲದ ಹೆಣ ಯಾವುದೂ ಹೋಗಿಲ್ಲ. ನಾ ಮೂಕ ಹೆಣ ಆಗಿ ಹೋಗಬಾರದು. ಹಾಡ್ತಿ ಹೌದಿಲ್ಲೋ? ಖರೆ ಹೇಳು."

"ಹಾಡ್ತೇನ್ರಿ. ಮೊದಲ ನನ್ನ ಕೂಸಿಂದು ಒಂದು ನುಡಿ ಹಾಡ್ತೇನಿ, ನೀವು ಕೇಳ್ರಿ."

"ಯಾವ ಕೂಸು?"

ಖರೇನ ಮರತಿದ್ಲೋ, ಮರತಂಗ ಮಾಡಿದ್ಲೋ. ನನಗ ಎರಡೂ ಒಂದ. ಆ ನುಡಿ ನಾ ಹಾಡ್ಲಿಲ್ಲ. ಆಕಿ ಪದ ಮಾತ್ರ ಆಕಿ ಕಣ್ಣು ಮುಚ್ಚೂತನಕ ದಿನಾ ಹಾಡಿದೆ. ನನ್ನ ಹೆಣಕ್ಕ ಇಷ್ಟು ಚೆಂದನ ಹಾಡು ಐತಿ ಅಂತ ನಂಬಿ ಸತ್ತಳು. ನಂಬಲಿ ಅಂತನ ನಾ ಹಾಡಿದ್ದು.

ಸತ್ತ ದಿನ ಆಕಿನ್ನ ಪಡಸಾಲ್ಯಾಗ ಗೋಡಿಗೆ ಒರಗಿಸಿ ಕೂಡಿಸಿದ್ರು, ಹಣಿ ತುಂಬ ವಿಭೂತಿ. ಹೆಣ್ಮಕ್ಕಳು ಸುತ್ತ ಕೂತು ನನ್ನ ಬಾಯಿ ನೋಡಾಕತ್ತಿದ್ರು. ನಾದಿನಿ ಬಾದಾಮಿಯಿಂದ ಬಂದಿದ್ಲು. ಅವ್ವನ ಹಾಡು ಹಿಡಕೋಬೇಕಂತ ಮೊಬೈಲ್ ಚಾಲೂ ಮಾಡಿ ನನ್ನ ಮುಂದ ಹಿಡದ್ಲು.

"ಹಾಡ್ರಿ ವೈನಿ. ಅವ್ವ ಕಾಯಾಕತ್ತಾಳ."

ನಾ ನೆಲ ನೋಡಕೋತ ಕೂತೆ. ಬಾಗಿಲ ಹೊರಗ ಗಂಡಸರು ಅವಸರ ಮಾಡಾಕತ್ತಿದ್ರು. ನಾದಿನಿ ತಾನ "ಅವ್ವಾ, ನನ್ನವ್ವಾ" ಅಂತ ಚಾಲೂ ಮಾಡಿದ್ಲು, ಮುಂದ ಏನು ಅನ್ಬೇಕು ತಿಳೀಲಿಲ್ಲ, ಕೆಮ್ಮಿದ್ಲು. ಯಾರೋ ಹುಡುಗ್ಯಾರು ನಗು ತಡಕೊಂಡ್ರು. ಹಂಗ ಎತ್ತಿಕೊಂಡು ಹೋದ್ರು.

ಮರುದಿನ ಮುಂಜಾನೆ ಹುನಗುಂದದಿಂದ ಕರಿ ಬಂತು. ಅಲ್ಲೊಬ್ಬಾಕಿ ಮುದುಕಿ ತೀರಿಕೊಂಡಿದ್ಲು, ನಾ ಮಾರಿ ಸೈತ ನೋಡಿದಾಕಿ ಅಲ್ಲ. "ನಿಮ್ಮ ಮನ್ಯಾಗ ನಿನ್ನೆನ ಸಾವಾಗೇತಿ, ಹೆಂಗ ಕರೀಬೇಕ್ರಿ" ಅಂತ ಬಂದವರು ಸಂಕೋಚ ಪಟ್ರು. ರೊಟ್ಟಿ ತಿಂದು ಬಸ್ ಹತ್ತಿದೆ. ಅತ್ತಿ ಅಂತ ಇದ್ದಲ್ಲೆಲ್ಲಾ ಅವ್ವ ಅಂದು, ನಾಲ್ಕೂ ನುಡಿ ಆ ಮುದುಕಿ ಮುಂದ ಪೂರ್ತಿ ಹಾಡಿದೆ.