ಮೂಲೆಯ ಎರಡು ಸಾಲು

ನನ್ನ ಗೆಳೆಯನನ್ನು ಎಲ್ಲರೂ ನಿಧಾನಿ ಎಂದೇ ಕರೆಯುತ್ತಿದ್ದರು. ಹಣ್ಣಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ ಔಷಧಿ ಸಿಂಪಡಿಸುವವನಿಗೆ ಇದೆಂಥ ಹೆಸರು ಎಂದು ಹೊಸಬರು ನಗುತ್ತಿದ್ದರು. ಅವನು ಬೂಟಿನ ದಾರ ಕಟ್ಟಲು ಕುಳಿತರೆ ಮೆಕ್ಯಾನಿಕ್, "ಕಟ್ಟಿ ಆದ್ಮೇಲೆ ಎಬ್ಬಿಸಪ್ಪ, ಅಷ್ಟರಲ್ಲಿ ಒಂದು ನಿದ್ದೆ ತೆಗೀತೀನಿ" ಎನ್ನುತ್ತಿದ್ದ. ನಿಧಾನಿಗೆ ಸಿಟ್ಟೇ ಬರುತ್ತಿರಲಿಲ್ಲ. ಸಿಟ್ಟು ದಾರಿಯಲ್ಲಿದೆ, ಇನ್ನೂ ತಲುಪಿಲ್ಲ ಎಂದು ಅವನ ಹೆಂಡತಿ ಕಿಚಾಯಿಸುತ್ತಿದ್ದರು.

ನಾನು ಅವನ ಜೊತೆ ನೆಲದ ಕೆಲಸದಲ್ಲಿದ್ದೆ. ಔಷಧಿ ಕಲಸಿ ಹೆಲಿಕಾಪ್ಟರಿನ ಟ್ಯಾಂಕಿಗೆ ತುಂಬುವುದು, ರೇಡಿಯೋದಲ್ಲಿ ಗಾಳಿಯ ದಿಕ್ಕು ಹೇಳುವುದು. ಮರಗಳ ನೆತ್ತಿ ಸವರಿಕೊಂಡು ಹಾರುವವರಿಗೆ ಗುಡ್ಡ, ಕಟ್ಟಡ ಯಾವುದರ ಭಯವೂ ಅಷ್ಟಿಲ್ಲ, ಅವು ಕಾಣುತ್ತವೆ. ವಿದ್ಯುತ್ ತಂತಿ ಕಾಣುವುದಿಲ್ಲ. ಹಳೆಯ ತಂತಿಯಂತೂ ಬೂದು ಬಣ್ಣಕ್ಕೆ ತಿರುಗಿ ಆಕಾಶದಲ್ಲಿ ಕರಗಿಹೋಗಿರುತ್ತದೆ. ಅದಕ್ಕೇ ನಿಧಾನಿ ತಂತಿ ಹುಡುಕುತ್ತಿರಲಿಲ್ಲ, ಕಂಬ ಹುಡುಕುತ್ತಿದ್ದ. ಹಾರುವ ಮೊದಲು ಪ್ರತಿ ತೋಟವನ್ನೂ ನಡೆದು ಸುತ್ತುತ್ತಿದ್ದ. ಬೇರೆ ಪೈಲಟ್‌ಗಳು ಒಂದು ತೋಟ ಮುಗಿಸುವ ಹೊತ್ತಿಗೆ ಇವನು ಇನ್ನೂ ಬೇಲಿ ಸುತ್ತುತ್ತಿರುತ್ತಿದ್ದ.

ಕೊನೆಯ ದಿನವೂ ಸುತ್ತಿದ. ಆ ತೋಟದಲ್ಲಿ ರಸ್ತೆಯ ಕಂಬದಿಂದ ಪಂಪ್‌ಮನೆಗೆ ತಂತಿಯೊಂದು ಹೋಗಿತ್ತು. ಅದರ ಆಚೆ ಬದಿಯಲ್ಲಿ ಒಂದು ಸಣ್ಣ ಮೂಲೆ. ತಂತಿಯ ಕೆಳಗೆ ನಿಂತು ಅವನೇ ಕೈ ಎತ್ತಿ ನನಗೆ ತೋರಿಸಿದ. "ನೋಡು, ಇಲ್ಲಿದಾಳೆ ಮಹಾರಾಯ್ತಿ."

ಬೆಳಿಗ್ಗೆಯೆಲ್ಲ ಅವನು ಸಿಂಪಡಿಸಿದ ಸಾಲುಗಳು ಆ ತಂತಿಯ ಪಕ್ಕಪಕ್ಕದಲ್ಲೇ, ಅದೇ ದಿಕ್ಕಿನಲ್ಲಿದ್ದವು. ಒಮ್ಮೆಯೂ ಅದನ್ನು ದಾಟುವ ಪ್ರಸಂಗ ಬರಲಿಲ್ಲ. ಕೊನೆಗೆ ಟ್ಯಾಂಕಿನ ತಳದಲ್ಲಿ ಒಂದಿಷ್ಟು ಔಷಧಿ ಉಳಿಯಿತು, ಮೂಲೆಯ ಎರಡು ಸಾಲು ಮರಗಳೂ ಉಳಿದವು. ಉಳಿದದ್ದನ್ನು ಹೊತ್ತುಕೊಂಡು ಇಳಿಯದೆ ಮೂಲೆಗೆ ಅಡ್ಡಲಾಗಿ ಒಂದು ಸಲ ಹೋಗಿ ಚೆಲ್ಲಿ ಬರುವುದು ನಮ್ಮ ಕಸುಬಿನ ರೂಢಿ. ಒಂದು ಮರ ಬಿಟ್ಟು ಬಂದರೂ ನಿಧಾನಿಗೆ ಊಟ ಸೇರುತ್ತಿರಲಿಲ್ಲ. "ಮೂಲೆ ಮುಗಿಸಿ ಬರ್ತೀನಿ" ಎಂದ ರೇಡಿಯೋದಲ್ಲಿ. ಯಂತ್ರ ಅಡ್ಡ ತಿರುಗಿತು. ದಿನವಿಡೀ ಮಗ್ಗುಲಲ್ಲಿದ್ದ ತಂತಿ ಈಗ ಎದುರಿಗಿತ್ತು.

ಉಳಿದದ್ದನ್ನು ನಾನು ಬರೆಯಲಾರೆ.

ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಕೇಳಿದರು: ತಂತಿ ನೋಡಿರಲಿಲ್ಲವೇ? ಅವನ ಹೆಂಡತಿ, ನನಗೆ ಅತ್ತಿಗೆ, ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವವರು. ಅವನ ಕಣ್ಣನ್ನೂ ತಾನೇ ಪರೀಕ್ಷಿಸಿದ್ದೆ, ಕೂದಲೆಳೆಯಷ್ಟೂ ದೋಷವಿರಲಿಲ್ಲ ಎಂದು ಅವರು ಕೇಳದವರಿಗೂ ಹೇಳುತ್ತಿದ್ದರು.

ಮರುವರ್ಷ ಅದೇ ತೋಟದ ಕೆಲಸ ಅತ್ತಿಗೆಯ ತಮ್ಮನಿಗೆ ಬಂತು. ನಿಧಾನಿಯ ಕೈಕೆಳಗೇ ಪಳಗಿದ ಪೈಲಟ್ ಅವನು. ಸುದ್ದಿ ಕೇಳಿದ ದಿನದಿಂದ ಅತ್ತಿಗೆ ಅನ್ನ ನೀರು ಬಿಟ್ಟವರಂತಾದರು. ದೂರದಿಂದ ಕಾಣುವಂತೆ ತಂತಿಗೆ ಬಣ್ಣದ ಚೆಂಡು ಕಟ್ಟಿಸಿ ಎಂದು ವಿದ್ಯುತ್ ಕಚೇರಿಗೆ ಅಲೆದರು. ಅವೆಲ್ಲ ದೊಡ್ಡ ಗೋಪುರಗಳ ತಂತಿಗೆ, ಪಂಪಿನ ತಂತಿಗೆ ಯಾರೂ ಕಟ್ಟುವುದಿಲ್ಲ ಎಂದರು ಅಲ್ಲಿಯವರು. ತೋಟದ ಯಜಮಾನರು ಕೊಯ್ಲು ಮುಗಿಯಲಿ, ನೋಡೋಣ ಎಂದರು. ತಮ್ಮನ ಕೈಕಾಲು ಹಿಡಿಯುವುದೊಂದು ಬಾಕಿಯಿತ್ತು, ಅದನ್ನೂ ಮಾಡಿದರು.

"ಅಕ್ಕಾ, ಗೊತ್ತಿರೋ ತಂತಿ ಅದು."

"ನಿನ್ನ ಭಾವಂಗೂ ಗೊತ್ತಿತ್ತು ಕಣೋ."

ಅವನು ಕೇಳಲಿಲ್ಲ. ಆ ಬೆಳಿಗ್ಗೆ ಅತ್ತಿಗೆ ಅಂಗಡಿಗೆ ಬೀಗ ಹಾಕಿ ನಮ್ಮ ವ್ಯಾನ್ ಹತ್ತಿ ಕುಳಿತರು. ಇಳಿಯಿರಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ತೋಟದಲ್ಲಿ ನನ್ನ ಪಕ್ಕದಲ್ಲೇ ನಿಂತರು. ಯಂತ್ರ ಮರಗಳ ಹಿಂದೆ ಮರೆಯಾದಾಗಲೆಲ್ಲ ತುದಿಗಾಲಲ್ಲಿ ನಿಂತು ಇಣುಕುತ್ತಿದ್ದರು.

ಸಾಲುಗಳು ಮುಗಿದವು. ಹೆಲಿಕಾಪ್ಟರ್ ಎತ್ತರಕ್ಕೇರಿ ತಿರುಗಿತು. ಟ್ಯಾಂಕಿನಲ್ಲಿ ಸ್ವಲ್ಪ ಉಳಿದಿದೆ, ಮೂಲೆ ಮುಗಿಸುತ್ತೇನೆ ಎಂದು ತಮ್ಮನ ಧ್ವನಿ ಬಂತು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ರೇಡಿಯೋ ಕಿತ್ತುಕೊಂಡರು.

"ಮೂಲೆ ಬಿಡು. ಇಳಿ."

"ಎರಡೇ ಸಾಲು ಅಕ್ಕಾ. ಯಜಮಾನರು ನೋಡ್ತಿದಾರೆ."

"ನಾನೂ ನೋಡ್ತಿದೀನಿ."

ಯಂತ್ರ ಗಾಳಿಯಲ್ಲಿ ಅಲ್ಲೇ ನಿಂತಿತು. ಅದು ಯಾವ ಕಡೆ ಮುಖ ಮಾಡುತ್ತದೋ ಎಂದು ನೋಡುವ ಧೈರ್ಯ ನನಗಾಗಲಿಲ್ಲ, ನೆಲ ನೋಡಿದೆ. ಕೊನೆಗೆ ಧೂಳು ಎದ್ದು ಮುಖಕ್ಕೆ ಬಡಿದಾಗ ಇಳಿಯಿತೆಂದು ತಿಳಿಯಿತು.

ಯಜಮಾನರು ಗೊಣಗುತ್ತ ಬಂದರು. ಹುಳ ಆ ಎರಡು ಸಾಲಿನಿಂದಲೇ ತೋಟವೆಲ್ಲ ಹಬ್ಬುತ್ತದೆ, ಮುಂದಿನ ಸಲ ಬೇರೆಯವರನ್ನು ಕರೆಸುತ್ತೇನೆ ಎಂದರು. ತಮ್ಮ ಹೆಲ್ಮೆಟ್ ಕಳಚಿ ಅಕ್ಕನ ಮುಂದೆ ನಿಂತ. ಅವನ ಮುಖ ಕೆಂಪಾಗಿತ್ತು, ಆದರೆ ಧ್ವನಿ ಏರಲಿಲ್ಲ.

"ಹೀಗೆ ಎಷ್ಟು ತೋಟಕ್ಕೆ ಬರ್ತೀಯಕ್ಕಾ?"

ರೇಡಿಯೋ ಹಿಡಿದ ಅತ್ತಿಗೆಯ ಕೈ ಮರಗಟ್ಟಿಹೋಗಿತ್ತು. ತಮ್ಮನೇ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ನನಗೆ ಕೊಟ್ಟ. ಆಗ ಅವರು ನನ್ನ ಕಡೆ ತಿರುಗಿ, ನಾಳೆ ಎಲ್ಲಿ ಎಂದು ಕೇಳಿದರು.

ಹೊಳೆಯಾಚೆಯ ತೋಟ ಎಂದೆ. ಅಲ್ಲಿ ತಂತಿ ಎಷ್ಟಿವೆ ಎಂದರು. ಸುಳ್ಳು ಹೇಳಬಹುದಿತ್ತು. ಮೂರು ಎಂದೆ.