ಹಿಡಿಕೆ ಕೆತ್ತಿದ ಬಡಿಗೇರ ಕಾಕಾ

ಇಬ್ರಾಹಿಂಪುರದ ಬಡಿಗೇರ ಕಾಕಾ ಬಾಗಿಲು, ಮಂಚ ಮಾಡುವವರು. ಸ್ಪರ್ಧೆಗೆಂದು ನಾನು ಕೊಂಡ ಏರ್ ಪಿಸ್ತೂಲಿನ ಹಿಡಿಕೆ ನನ್ನ ಸಣ್ಣ ಕೈಯಲ್ಲಿ ಹೊರಳಿ, ಗುಂಡು ಎಡಕ್ಕೇ ಬೀಳುತ್ತಿತ್ತು. ಶೂಟಿಂಗ್ ಬಿಟ್ಟೇಬಿಡಬೇಕು ಎಂದುಕೊಂಡಿದ್ದಾಗ ಅವರ ಬಳಿ ಹೋದೆ.

“ಕೈ ಸುಳ್ಳ ಹೇಳಂಗಿಲ್ಲವ್ವಾ,” ಎನ್ನುವುದು ಅವರ ಮಾತು. ನನ್ನ ಕಣ್ಣು ಮುಚ್ಚಿಸಿ ತೋಳೆತ್ತಿಸುತ್ತಿದ್ದರು. ಪಿಸ್ತೂಲಿನ ಮೂತಿ ಎತ್ತ ವಾಲಿದೆ ನೋಡಿ, ತಾವೇ ಮಾಡಿದ ಸಾಗವಾನಿ ಹಿಡಿಕೆಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜುತ್ತಿದ್ದರು. ಎಂಟು ದಿನ ಹೀಗೇ ನಡೆಯಿತು.

ಸ್ಪರ್ಧೆಯ ಹಿಂದಿನ ದಿನ ಹಿಡಿಕೆ ಸರಿಹೋಯಿತೆಂದು ನಾನು ಹೊರಟರೆ, ಅವರು ಬಾಗಿಲಿಗೆ ಅಡ್ಡ ನಿಂತರು.

“ಹೆಬ್ಬಟ್ಟಿನ ಕಡೆ ಹೆಚ್ಚಿಗಿ ಉಜ್ಜೇನಿ. ತಪ್ಪು ನಂದು. ಹೊಸಾದು ಮಾಡ್ತೇನಿ.”

“ಯಾರಿಗೂ ಗೊತ್ತಾಗಂಗಿಲ್ಲ ಬಿಡ್ರಿ, ಕಾಕಾ.”

“ಅದಕ್ಕ ಹೇಳಾಕತ್ತೇನಿ. ನಾಳೆ ಸೋತ್ರ ನೀ ನಿನ್ನ ಕೈನ ಬೈಕೋತಿ.”

ಸಂಜೆಯೊಳಗೆ ಇನ್ನೊಂದು ಕೆತ್ತಿಕೊಟ್ಟರು.

ನಾನು ಗೆಲ್ಲಲಿಲ್ಲ. ಆದರೆ ಗುಂಡುಗಳೆಲ್ಲ ನಡುವಿನ ಕಪ್ಪು ವೃತ್ತದಲ್ಲೇ ಬಿದ್ದಿದ್ದವು. ಆ ಗುರಿಯ ಕಾಗದ ತಂದು ಕಾಕಾಗೆ ತೋರಿಸಿದೆ. ಅವರು ತೂತುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಪಿಸ್ತೂಲು ಕೇಳಿ ಪಡೆದು, ಮೊದಲ ಸಲ ಗುರಿಯಿಡುವವರಂತೆ ತೋಳು ಚಾಚಿ ಹಿಡಿದರು. ಹಿಡಿಕೆ ಅವರ ದಪ್ಪ ಬೆರಳುಗಳಿಗೆ ಒಗ್ಗಲೇ ಇಲ್ಲ.

“ನನ್ನ ಕೈಗೆ ಕುಂಡ್ರವಲ್ದು ನೋಡು,” ಎಂದು ಸಂತೋಷದಿಂದ ಹಿಂತಿರುಗಿಸಿದರು.